ಕಕ್ಕಲಾತಿ ಕರೆಪ್ಪ

ವೀರಣ್ಣ ಬಿಳಿ ಪಟ್ಟಿಯನ್ನು ಗದ್ದದ ಕೆಳಗಿನಿಂದ ಎಳೆದು ನೆತ್ತಿಯ ಮೇಲೆ ಇನ್ನೊಂದು ಸಲ ಗಂಟು ಹಾಕಿದ. ಕೈ ಬಿಟ್ಟ ಕೂಡಲೇ ಕರೆಪ್ಪನ ಬಾಯಿ ಮತ್ತೆ ಸ್ವಲ್ಪ ತೆರೆದುಕೊಂಡಿತು.

“ಗಟ್ಟಿ ಕಟ್ಟಲೇ ವೀರಣ್ಣಾ, ಮಂದಿ ಬರೂ ಹೊತ್ತಾತು,” ಎಂದ ಪಾಂಡಪ್ಪ. ಓಣಿಗೆಲ್ಲ ಹಿರಿಯ ಅವನು. ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ಕಂಬಕ್ಕೆ ಒರಗಿ ಕೂರುವವನು.

“ಎಷ್ಟ ಗಟ್ಟಿ ಕಟ್ಟಲಿ ಮಾವಾ? ಜೀವ ಇದ್ದಾಗ ಒಂದ ದಿನಾ ಮುಚ್ಚಲಾರದ ಬಾಯಿ. ನನ್ನ ಅರಿವಿ ತುಂಡಿಗೆ ಮುಚ್ಚತೈತೇನು?”

ಪಡಸಾಲೆಯಲ್ಲಿ ಯಾರೋ ಫಕ್ಕನೆ ನಕ್ಕು, ಸಾವಿನ ಮನೆ ಎಂಬುದು ನೆನಪಾಗಿ, ನಗೆಯನ್ನು ಕೆಮ್ಮಿಗೆ ತಿರುಗಿಸಿದರು. ತಪ್ಪೇನೂ ಇರಲಿಲ್ಲ. ಕರೆಪ್ಪ ಬದುಕಿದ್ದರೆ ಎಲ್ಲರಿಗಿಂತ ಮೊದಲು ತಾನೇ ನಕ್ಕು, ಹಾಗೆಂದವನ ಬೆನ್ನಿಗೊಂದು ಗುದ್ದಿ, ಅವನಿಗೇ ಚಾ ತರಿಸುತ್ತಿದ್ದ. ನಗದೆ ಉಳಿದವಳು ಅವನ ಮಗಳು ಬನಶಂಕರಿ ಒಬ್ಬಳೇ. ಬೆಳಗಿನ ಜಾವವೇ ಗಂಡ ಚಿದಾನಂದನ ಬೈಕಿನ ಹಿಂದೆ ಕುಳಿತು ಮುಧೋಳದಿಂದ ಬಂದಿದ್ದಳು. ಅಪ್ಪನ ಬಾಯಿ ಮುಚ್ಚಿಸುವ ಮಾತು ಅವಳಿಗೆ ತಾಗಬಾರದ ಕಡೆ ತಾಗಿತು.

ರೂಢಿಯಂತೆ ಹೆಣವನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ತಲೆಗೆ ಹಳದಿ ರುಮಾಲು. ಬಾಗಿಲಿಗೆ ಎದುರಾಗಿ ಕುಳಿತ ಆ ರೀತಿ, ಆ ಅರೆತೆರೆದ ಬಾಯಿ ನೋಡಿದರೆ, ಹೊಸ್ತಿಲು ದಾಟಿದವರಿಗೆ “ಬರ್ರಿ, ಬರ್ರಿ, ಕುಂದರ್ರಿ” ಎಂದು ಈಗ ಅಂದಾನು ಎನಿಸುತ್ತಿತ್ತು. ಬಂದ ಹೆಂಗಸರು ಅಳುವುದಕ್ಕೆ ಮೊದಲು ಒಂದು ಗಳಿಗೆ ಅವನ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದರು.

ಸತ್ತದ್ದೂ ಮಾತಾಡುತ್ತಲೇ. ಹಿಂದಿನ ಸಂಜೆ ಚಾದಂಗಡಿಯ ಮುಂದೆ, ಹಿಪ್ಪರಗಿಯ ಕಡೆಯ ಒಬ್ಬ ಟ್ರ್ಯಾಕ್ಟರ್ ಡ್ರೈವರನ ಮಣಿಕಟ್ಟು ಹಿಡಿದುಕೊಂಡು, “ಬನಹಟ್ಟಿಗೆ ಬಂದು ಚಾ ಕುಡೀಲಾರದ ಹೋದ್ರ ನಮ್ಮೂರ ಮರ್ಯಾದಿ ಏನ ಉಳೀತ್ರಿ?” ಎಂದು ಕೇಳುತ್ತಿದ್ದ. ಹಿಡಿದ ಕೈ ಸಡಿಲಾಯಿತು, ಅಷ್ಟೆ. ಮುಂಚೆ ಒಮ್ಮೆಯೂ ಕರೆಪ್ಪನನ್ನು ಕಂಡಿರದ ಆ ಡ್ರೈವರ್ ಟ್ರ್ಯಾಕ್ಟರನ್ನು ಅಲ್ಲೇ ಬಿಟ್ಟು ಅವನನ್ನು ಆಟೋದಲ್ಲಿ ಆಸ್ಪತ್ರೆಗೆ ಒಯ್ದ. ಈಗಲೂ ಹೋಗಲು ಮನಸ್ಸಾಗದೆ, ಇರಲು ಸಂಬಂಧವೂ ಇಲ್ಲದೆ, ಅಂಗಳದ ಬೇವಿನ ಗಿಡದ ಕೆಳಗೆ ನಿಂತಿದ್ದ.

ಓಣಿಯಲ್ಲಿ ಮಗ್ಗದ ಸದ್ದಿರಲಿಲ್ಲ. ಹೆಣ ಇರುವ ತನಕ ಈ ಓಣಿಯವರು ಮಗ್ಗ ಓಡಿಸುವುದಿಲ್ಲ. ಉಳಿದ ದಿನ ಮನೆಗೆರಡರಂತೆ ಪಾವರಲೂಮು ಬಡಿದುಕೊಳ್ಳುವ ಜಾಗ. ಎದುರಿಗೆ ನಿಂತವರ ಮಾತು ಕೇಳಬೇಕಾದರೆ ತುಟಿ ನೋಡಬೇಕು. ಕರೆಪ್ಪ ವೀರಣ್ಣನ ಶೆಡ್ಡಿನಲ್ಲಿ ಪ್ರಾಯದಿಂದಲೂ ಸೀರೆ ನೇಯ್ದವನು. ಹಗಲೆಲ್ಲ ಆ ಸದ್ದಿನಲ್ಲಿ ಒಂದು ಮಾತೂ ಆಡಲಾಗದೆ, ಆಡದೆ ಉಳಿದದ್ದನ್ನೆಲ್ಲ ಹೊರಗೆ ಬಂದು ಆಡಿಬಿಡುತ್ತಿದ್ದ. ಕರೆಂಟು ಹೋಯಿತೆಂದು ಆಚೆ ಓಣಿಯವರಿಗೆ ತಿಳಿಯುತ್ತಿದ್ದುದು ಅವನ ದನಿಯಿಂದ. “ಕರೆಂಟ್ ಹ್ವಾತು, ಕರೆಪ್ಪ ಬಂದ” ಎಂಬುದೊಂದು ಗಾದೆಯೇ ಆಗಿತ್ತು.

ಊರವರು ಇಟ್ಟ ಹೆಸರು ಕಕ್ಕಲಾತಿ ಕರೆಪ್ಪ. ಕಕ್ಕುಲಾತಿ ಅಂದರೆ ಏನೆಂದು ಈ ಸೀಮೆಯಲ್ಲಿ ಯಾರೂ ಯಾರಿಗೂ ಬಿಡಿಸಿ ಹೇಳುವುದಿಲ್ಲ. ತಾಯಿ ಕೂಸಿಗೆ ತೋರಿಸಿದರೆ ಅದು ಒಳ್ಳೆಯ ಮಾತು. ಅಜ್ಜಿ ಮೊಮ್ಮಕ್ಕಳಿಗೆ ತೋರಿಸಿದರೂ ಸರಿಯೇ. ಸಂಬಂಧವಿಲ್ಲದವರಿಗೆ ತೋರಿಸಿದಾಗ ಮಾತ್ರ ನೋಡುವವರ ತುಟಿ ಒಂದು ಕಡೆಗೆ ವಾರೆಯಾಗುತ್ತದೆ. “ಬಾಳ ಕಕ್ಕಲಾತಿ ಮನಶ್ಯಾ ಬಿಡ್ರಿ” ಎಂದರೆ ಅದರಲ್ಲಿ ಹೊಗಳಿಕೆ ಎಷ್ಟು, ಕುಟುಕು ಎಷ್ಟು ಎಂದು ಹೇಳಿದವರನ್ನೇ ಕೇಳಬೇಕು, ಅವರೂ ಹೇಳಲಿಕ್ಕಿಲ್ಲ.

“ಕಕ್ಕಲಾತಿ ಮಾಡಿ ಮಾಡಿಽ ಸತ್ತ ನನ್ನ ತಮ್ಮಾ,” ಎಂದಳು ಸಾವಳಗಿಯಿಂದ ಬಂದ ಕರೆಪ್ಪನ ಅಕ್ಕ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. “ಕಂಡಕಂಡವರಿಗೆ ಅಣ್ಣಾ ತಮ್ಮಾ ಅನಕೋತ ಹೋದ. ಯಾರ ಏನ ಕೊಟ್ಟರು ಅಂವಗ?”

“ಕೊಡಾಕ ಅಂತ ಮಾಡ್ತಿದ್ನೇನು ಅಂವಾ?” ಎಂದ ವೀರಣ್ಣ.

“ಹಂಗಲ್ಲೋ,” ಪಾಂಡಪ್ಪ ನಡುವೆ ಬಾಯಿ ಹಾಕಿದ. “ಪ್ರೀತಿ ಅಂದ್ರ ಗಡಗ್ಯಾಗಿನ ಹಾಲು. ಕಕ್ಕಲಾತಿ ಅಂದ್ರ ಉಕ್ಕಿದ ಹಾಲು. ಹಾಲಂತೂ ಖರೇನ. ಆದ್ರ ಒಲಿ ಹೊಲಸಾಗತೈತಿ, ಮನಿ ಹೆಣ್ಮಗಳು ಬೈತಾಳ.”

ಮನೆಯ ಹೆಣ್ಣುಮಗಳು ಬನಶಂಕರಿ ತಲೆ ತಗ್ಗಿಸಿ ನೆಲ ನೋಡುತ್ತಿದ್ದಳು. ಅಪ್ಪ ತನ್ನ ಮೇಲೆ ಸಿಟ್ಟಿಟ್ಟುಕೊಂಡು ಸತ್ತನೋ, ಇಲ್ಲವೋ? ದಾರಿಯುದ್ದಕ್ಕೂ ಬೈಕಿನ ಮೇಲೆ ಅವಳು ಅತ್ತದ್ದು ಇದೊಂದಕ್ಕೇ. ಕೇಳಬೇಕಾದವನು ಎದುರಿಗೇ ಕುಳಿತಿದ್ದ, ಬಾಯಿ ತೆರೆದುಕೊಂಡೇ ಕುಳಿತಿದ್ದ, ಆದರೆ ಹೇಳುವಂತಿರಲಿಲ್ಲ.

*

ಬನಶಂಕರಿಯನ್ನು ಮೊದಲ ಸಲ ನೋಡಲು ಬಂದವರು ಬೀಳಗಿಯವರು. ಕರೆಪ್ಪ ಬಸ್‌ಸ್ಟ್ಯಾಂಡಿಗೇ ಹೋಗಿ ನಿಂತಿದ್ದ. ಹುಡುಗನ ಸೋದರಮಾವನ ಕೈಚೀಲವನ್ನು ಕಸಿದುಕೊಂಡ. ಕಾಲಿಗೆ ನೀರು ತಾನೇ ಹಾಕಿದ. ಉಪ್ಪಿಟ್ಟಿನ ಮೇಲೆ ಶಿರಾ, ಶಿರಾದ ಮೇಲೆ ಚುರಮುರಿ, ಅದರ ಮೇಲೆ ಚಾ. ಸಾಕು ಎಂದವರ ಕೈ ಸರಿಸಿ, “ನನ್ನ ಆಣಿ ಐತಿ” ಎಂದು ಬಡಿಸಿದ. ಹುಡುಗನ ಅಪ್ಪನ ತೊಡೆ ತಟ್ಟಿ, “ಹಿಂದಿನ ಜನ್ಮದಾಗ ನಾವು ನೀವು ಒಂದಽ ತಾಯಿ ಮಕ್ಕಳ ಇರಬೇಕ್ರಿ ಬೀಗರ” ಎಂದ. ಸಂಬಂಧ ಇನ್ನೂ ಕುದುರಿರಲಿಲ್ಲ; ಆಗಲೇ ಬೀಗರು.

ನಡುವಿನವನಾಗಿದ್ದ ಮುತ್ತಣ್ಣ ಉತ್ತರ ತಂದ.

“ಹುಡಿಗಿ ಒಪ್ಪಿಗಿ ಆಗ್ಯಾಳ್ರಿ. ಆದ್ರ ಅವರ ಏನಂತಾರಂದ್ರ... ಅಪ್ಪ ಇಷ್ಟ ಕಕ್ಕಲಾತಿ ಮಾಡಾಕತ್ತಾನಂದ್ರ ಹುಡಗ್ಯಾಗ ಏನರ ಐಬ ಇರಬೇಕು. ಐಬ ಇಲ್ಲದ ಮಾಲಿಗೆ ಯಾರೂ ಹಿಂಗ ಒದರೂದಿಲ್ಲ ಅಂತ.”

ಕರೆಪ್ಪ ದಂಗಾದ. ಮುಂದೆ ಜಮಖಂಡಿಯವರು ಬಂದಾಗ ತುಟಿ ಬಿಗಿಹಿಡಿದು, ಕೇಳಿದ್ದಕ್ಕೆ ತಲೆಯಾಡಿಸುತ್ತ, ದೇವರ ಪಟದ ಹಾಗೆ ಕುಳಿತ. ಹೆಂಡತಿ ಮಾದೇವಿಗೆ ಅವನಿಗೆ ಜ್ವರ ಬಂದಿದೆಯೇನೋ ಎನಿಸಿತು. ಜಮಖಂಡಿಯವರು ಹೋಗಿ ಹೇಳಿ ಕಳಿಸಿದರು: ಹುಡುಗಿಯ ಅಪ್ಪನಿಗೆ ಸೊಕ್ಕು ಬಹಳ.

ಮುಧೋಳದ ಚಿದಾನಂದ ತಾಯಿಯೊಡನೆ ಬಂದ ದಿನ ಕರೆಪ್ಪನಿಗೆ ಶೆಡ್ಡಿನಲ್ಲಿ ಮಗ್ಗಕ್ಕೆ ಹೊಸ ನೂಲಿನ ಬೀಮು ಏರಿಸುವ ಕೆಲಸವಿತ್ತು. ಅವನು ಮನೆಗೆ ಬರುವ ಹೊತ್ತಿಗೆ ಮಾತು ಮುಗಿದಿತ್ತು. ಹಾಗಾಗಿ ಬನಶಂಕರಿಯ ಮದುವೆ ಆಯಿತು ಎಂದು ಓಣಿಯವರು ಇಂದಿಗೂ ಹೇಳುತ್ತಾರೆ.

ಅವಳು ಅಪ್ಪನ ತದ್ವಿರುದ್ಧ. ಚಿಕ್ಕವಳಿದ್ದಾಗ ಅವನ ಜೊತೆ ಬಸ್ಸು ಹತ್ತಿದರೆ ಕಿಟಕಿಗೆ ಮುಖ ಅಂಟಿಸಿಕೊಂಡು ಕುಳಿತುಬಿಡುತ್ತಿದ್ದಳು. ಅಪ್ಪ ಹಿಂದಿನ ಸೀಟಿನವರ ಊರು, ಕುಲ, ಮಂಡಿನೋವು ಎಲ್ಲ ವಿಚಾರಿಸಿ, ಇಳಿಯುವಾಗ ಅವರ ಕೂಸಿನ ಕೆನ್ನೆ ಚಿವುಟಿ ಇಳಿಯುತ್ತಿದ್ದ. ಇವಳಿಗೆ ಕಿವಿ ಬಿಸಿಯಾಗುತ್ತಿತ್ತು. ಅಪ್ಪ ಎಲ್ಲರಿಗೂ ಹೀಗೇ ಅಂದರೆ ತನಗೆ ಉಳಿದದ್ದು ಏನು ಎಂಬ ಹೊಟ್ಟೆಕಿಚ್ಚೂ ಒಳಗೊಳಗೆ ಇತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಮದುವೆಯಾದ ಮೇಲೆ ಕರೆಪ್ಪ ಮುಧೋಳಕ್ಕೆ ಹೋಗಿ ಬಂದು ಮಾಡುತ್ತಿದ್ದ. ಹೋದ ದೀಪಾವಳಿಗೆ ಹೋದವನು ಮಗಳ ಓಣಿಯ ಮೂಲೆಯ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕುಳಿತು, ನೆರೆದವರಿಗೆಲ್ಲ ಅವಳ ಬಾಲ್ಯ ಹೇಳಿದ: “ನನ್ನ ಮಗಳು ಎಷ್ಟ ಮೆತ್ತಗಂದ್ರ, ಸಾಲಿ ಮಾಸ್ತರ ವರ್ಷತನಕಾ ಈಕಿ ಮೂಕಿ ಅಂತಽ ತಿಳದಿದ್ರ್ರಿ.” ಮರುದಿನ ನಳದ ಹತ್ತಿರ ಹೆಂಗಸರು ನಗುತ್ತ, “ಏನವಾ, ನಿನ್ನ ಮೂಕಿ ಅಂತಿದ್ರಂತಲ್ಲ?” ಎಂದು ಕೇಳಿದರು. ಪ್ರೀತಿಯಿಂದಲೇ ಕೇಳಿದ್ದು. ಮನೆಗೆ ಬಂದರೆ ಅತ್ತೆಯೂ, “ನಿಮ್ಮಪ್ಪ ಬಾಳ ಕಕ್ಕಲಾತಿ ಮನಶ್ಯಾ ಬಿಡವಾ” ಎಂದಳು. ತುಟಿ ವಾರೆಯಾಗಿತ್ತು.

ಬನಶಂಕರಿ ಹಿತ್ತಲಿಗೆ ಅಪ್ಪನನ್ನು ಕರೆದು, ಜೀವನದಲ್ಲಿ ಮೊದಲ ಸಲ ದನಿ ಎತ್ತಿದಳು.

“ಅಪ್ಪಾ, ನನ್ನ ಮರ್ಯಾದಿ ತಗೀಬ್ಯಾಡ ಇಲ್ಲಿ. ಇನ್ಮ್ಯಾಲ ಬರೂದಾದ್ರ ಬಾಯಿ ಮುಚ್ಚಕೊಂಡ ಕುಂದ್ರು. ಆಗೂದಿಲ್ಲಂದ್ರ ಬರಬ್ಯಾಡ.”

ಕರೆಪ್ಪ ಅವಳನ್ನು ನೋಡಿದ.

“ಆತು ಬೇ,” ಎಂದ. ಚಪ್ಪಲಿ ಮೆಟ್ಟಿಕೊಂಡು ಹೋದ.

ಆಮೇಲೆ ಅವನು ಅವಳ ಮನೆಗೆ ಬರಲಿಲ್ಲ. ಅತ್ತೆ ಜಾರಿ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದರಿಂದ ಇವಳಿಗೂ ಬನಹಟ್ಟಿಗೆ ಹೋಗಲಾಗಲಿಲ್ಲ. ಫೋನು ಮಾಡುತ್ತಿದ್ದ. “ಅರಾಮ ಅದಿ?” “ಹೂಂ.” “ಆತು, ಇಡ್ತೇನಿ.” ತಪ್ಪಿ ಬಂದ ನಂಬರಿನವರ ಜೊತೆಗೂ ಅರ್ಧ ತಾಸು ಮಾತಾಡುವ ಮನುಷ್ಯ ಮಗಳ ಜೊತೆ ಎರಡು ಮಾತಿಗೆ ಫೋನು ಇಡುತ್ತಿದ್ದ. ಸಿಟ್ಟು ಅಲ್ಲದೆ ಇನ್ನೇನು?

*

ಮಧ್ಯಾಹ್ನದ ಹೊತ್ತಿಗೆ ಭಜನೆಯವರು ಬಂದರು. ನಾಲ್ಕಕ್ಕೆ ಮಣ್ಣು ಎಂದು ಅಯ್ಯನವರು ಹೇಳಿ ಹೋಗಿದ್ದರು. ಮಾದೇವಿ ಅತ್ತು ಅತ್ತು ಬತ್ತಿ, ಈಗ ಗೋಡೆಗೆ ತಲೆ ಆನಿಸಿ ಸುಮ್ಮನೆ ಕುಳಿತಿದ್ದಳು. ದುಃಖದಲ್ಲಿ ಮನುಷ್ಯರಿಗೆ ಏನೇನೋ ನೆನಪಾಗುತ್ತದೆ. ಅವಳು ಮಗಳ ಕಡೆ ತಿರುಗಿ ಕೇಳಿದಳು:

“ಹೋದ ವಾರದ ಶೇಂಗಾ ಹಿಂಡ್ಯಾಗ ಉಪ್ಪ ಜಾಸ್ತಿ ಆಗಿತ್ತೇನ ಬೇ? ನಿಮ್ಮಪ್ಪ ಅಂದಾ.”

“ಯಾ ಹಿಂಡಿ ಬೇ?”

“ಅದಽ, ನಿನಗ ಕಳಸಿದ್ದು. ಮಗ್ಗದ ಸೂಟಿ ದಿನಾ ತಪ್ಪಲಾರದ ನಿನಗ ಕೊಟ್ಟ ಬರ್ತಿದ್ನಲ್ಲ.”

ಬನಶಂಕರಿಗೆ ಈ ಚಟ್ನಿಪುಡಿಯ ಮಾತು ತಕ್ಷಣ ಅರ್ಥವಾಗಲಿಲ್ಲ. “ಯವ್ವಾ, ಅಪ್ಪ ನಮ್ಮ ಮನಿಗೆ ಬಂದು ವರ್ಷ ಆಗಾಕ ಬಂತು,” ಎಂದಳು ಮೆಲ್ಲಗೆ. “ದೀಪಾವಳಿಯಿಂದ ಈಚೆ ಒಮ್ಮಿನೂ ಬಂದಿಲ್ಲ.”

“ಏನ ಮಾತಾಡ್ತಿ? ಮುಧೋಳ ಬಸ್ಸಿಗೆ ಹತ್ತಿಸಿದಾಂವ ಈ ವೀರಣ್ಣನ. ಹಿಂಡಿ, ಗುರೆಳ್ಳ ಪುಡಿ, ಸಜ್ಜಿ ರೊಟ್ಟಿ... ಎಲ್ಲಾ ಕಟ್ಟಿ ಕೊಟ್ಟಾಕಿ ನಾನು. ಫೋನ ಅವನ ಕೈಯಾಗಽ ಇರ್ತಿತ್ತು. ಬಂದ ಮ್ಯಾಲ ‘ಮಗಳು ಚಂದ ಅದಾಳ’ ಅಂತಿದ್ದ. ನಾ ಮತ್ತೇನ ಕೇಳಲಿ?”

ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿದರು. ವೀರಣ್ಣ ಹೌದೆಂದು ತಲೆಯಾಡಿಸಿ, ಮುಖ ಆಚೆ ತಿರುಗಿಸಿದ. ಸಾವಳಗಿಯ ಸೋದರತ್ತೆಗೆ ಕಿವಿ ಚುರುಕು.

“ಮಗಳಿಗೆ ಮುಟ್ಟಿಲ್ಲಂದ್ರ ಯಾರಿಗೆ ಮುಟ್ಟೇತಿ ಮತ್ತ?” ಎಂದಳು. “ಮುಧೋಳದಾಗ ಇನ್ನೂ ಯಾರ ಇದ್ದರೋ, ಯಾರ ಕಂಡಾರ ತಾಯಿ. ಕಕ್ಕಲಾತಿ ಮನಶ್ಯಾಗ ಮನಿ ಎಷ್ಟಿರತಾವು!”

“ಅಕ್ಕಾ, ಬಾಯಿ ಸಂಬಾಳಸು,” ಎಂದ ವೀರಣ್ಣ.

ಮಾತು ಮಾತ್ರ ಹೊರಗೆ ಬಿದ್ದಾಗಿತ್ತು. ಮಾದೇವಿ ಸೆರಗನ್ನು ಬಾಯಿಗೆ ಒತ್ತಿಕೊಂಡು, ಗೋಡೆಗೆ ಆನಿ ಕುಳಿತ ಗಂಡನ ಮುಖವನ್ನು ಹೊಸದಾಗಿ ನೋಡುವವಳಂತೆ ನೋಡಿದಳು. ಜೀವಮಾನವೆಲ್ಲ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲದ ಮನುಷ್ಯ, ಇದೊಂದನ್ನು ಹೇಗೆ ಬಚ್ಚಿಟ್ಟ? ಬನಶಂಕರಿಗೆ ಅಪ್ಪನಿಗಿಂತ ಅವ್ವನ ಆ ನೋಟ ನೋಡಲಾಗಲಿಲ್ಲ. ತಾನು ಬರಬೇಡ ಎಂದದ್ದಕ್ಕೆ ಇದೆಲ್ಲ ಆಯಿತು ಎಂದು ಅವಳಿಗೆ ಎದೆ ಒಡೆಯುವಷ್ಟು ದುಃಖವಾಯಿತು.

ಅಷ್ಟರಲ್ಲಿ ಓಣಿಯ ಬಾಯಿಯಲ್ಲಿ ಒಂದು ಟೆಂಪೋ ಬಂದು ನಿಂತಿತು.

*

ಹಿಂದಿನಿಂದ ಹತ್ತು ಹದಿನೈದು ಜನ ಇಳಿದರು. ಗಂಡಸರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು, ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಂಡರು. ಚಿದಾನಂದ ಎದ್ದು ನಿಂತು ಹೆಂಡತಿಯ ಕಡೆ ನೋಡಿದ.

“ನಮ್ಮ ಓಣಿ ಮಂದಿ ಅಲ್ಲೇನ? ಇವರಿಗೆ ಯಾರ ಹೇಳಿದ್ರು?”

ಅವಳು ಹೇಳಿರಲಿಲ್ಲ. ಇನ್ನೂ ಕತ್ತಲಿದ್ದಾಗ ಅತ್ತೆಯನ್ನು ನಾದಿನಿಗೆ ಒಪ್ಪಿಸಿ ಹೊರಡುವಾಗ ಎದುರು ಮನೆಯವಳು ಕೇಳಿದ್ದಕ್ಕೆ, “ಬನಹಟ್ಟ್ಯಾಗ ನಮ್ಮಪ್ಪ...” ಎಂದು ಬೈಕು ಹತ್ತಿದ್ದಳು. ಅಷ್ಟೆ. ಆ ಎದುರು ಮನೆಯವಳೇ ಈಗ ಹಸಿರು ಸೀರೆಯಲ್ಲಿ ಎಲ್ಲರಿಗಿಂತ ಮುಂದೆ ಬರುತ್ತಿದ್ದಳು. ದಪ್ಪನೆಯ ಹೆಂಗಸು, ಏದುಸಿರು. ಅವಳ ಹಿಂದೆ ಮೂಲೆಯ ಕಿರಾಣಿ ಅಂಗಡಿಯ ದುರಗೇಶ, ಇಸ್ತ್ರಿಯವನು, ಹಾಲಿನವಳು. ವರ್ಷಗಟ್ಟಲೆ ಎದುರುಬದುರು ಇದ್ದೂ ಬನಶಂಕರಿ ಇವರ ಜೊತೆ “ಹೂಂ ರೀ”, “ಇಲ್ರೀ” ಬಿಟ್ಟು ಹೆಚ್ಚು ಆಡಿದವಳಲ್ಲ.

ಹಸಿರು ಸೀರೆಯವಳು ನೇರವಾಗಿ ಹೆಣದ ಮುಂದೆ ಕುಸಿದು ಕುಳಿತು ಹಾಡಿಕೊಂಡು ಅತ್ತಳು.

“ಕಟ್ಟಿ ಖಾಲಿ ಮಾಡಿ ಹ್ವಾದ್ಯಲ್ಲೋ ನನ್ನಣ್ಣಾ... ಬರೂ ಸೂಟಿಗೆ ಬರ್ತೇನಿ ಅಂದಿದ್ದೆಲ್ಲೋ ಅಣ್ಣಾ... ನಿನ್ನ ಪಾಲಿಂದ ಎತ್ತಿ ಇಟ್ಟೀನಲ್ಲೋ ನನ್ನಣ್ಣಾ...”

ಸಾವಳಗಿಯ ಅತ್ತೆ ಮಾದೇವಿಯ ಕಡೆ ಅರ್ಥಪೂರ್ಣವಾಗಿ ನೋಡಿದಳು. ಹಸಿರು ಸೀರೆಯವಳು ಕೈಚೀಲದಿಂದ ಒಂದು ಸ್ಟೀಲಿನ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಕರೆಪ್ಪನ ಮಡಿಚಿದ ಕಾಲ ಹತ್ತಿರ ಇಟ್ಟಳು. ಒಳಗೆ ಶಂಕರಪೋಳಿ ಇದ್ದವು. ಸಣ್ಣಗೆ, ಓರೆಯಾಗಿ ಕತ್ತರಿಸಿ, ಮೇಲೆ ಎಳ್ಳು ಹಚ್ಚಿದವು.

ಬನಶಂಕರಿ ಎದ್ದು ನಿಂತಳು. ಶ್ರೀಮಂತರ ಮನೆಯಲ್ಲೂ ಬಡವರ ಮನೆಯಲ್ಲೂ ಶಂಕರಪೋಳಿಗೆ ಎಳ್ಳು ಹಚ್ಚುವವರು ಅವಳಿಗೆ ತಿಳಿದ ಮಟ್ಟಿಗೆ ತನ್ನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ.

“ಇವು ನಾ ಮಾಡಿದ್ವು,” ಎಂದಳು. “ನಾ ನಿಮಗ ಕೊಟ್ಟಿದ್ದೆ. ನಿಮ್ಮ ಡಬ್ಬಿ ತಿರುಗಿ ಕೊಡಬೇಕಾದ್ರ.”

ಹಿಂಡಿ ಬಂದ ಡಬ್ಬಿ ಅದು. ಎದುರು ಮನೆಯವಳು ಆಗಾಗ ಬಾಗಿಲಿಗೆ ಬಂದು, “ಮನ್ಯಾಗ ಹಿಂಡಿ ಕುಟ್ಟಿದ್ವಿ, ರುಚಿ ನೋಡವಾ” ಎಂದು ಕೊಟ್ಟು ಹೋಗುತ್ತಿದ್ದಳು. ಒಮ್ಮೆ ಗುರೆಳ್ಳ ಪುಡಿ, ಒಮ್ಮೆ ರೊಟ್ಟಿ. ಬಂದ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಬಾರದು; ಇಷ್ಟು ರೀತಿ ರಿವಾಜು ಯಾವ ಮೌನಿಗೂ ಗೊತ್ತು. ಬನಶಂಕರಿ ಪ್ರತಿ ಸಲ ಏನಾದರೂ ಮಾಡಿ ಡಬ್ಬಿ ತುಂಬಿ ಕೊಡುತ್ತಿದ್ದಳು. ಆ ಹಿಂಡಿ ಅವ್ವನ ಕೈಯ ಹಿಂಡಿಯ ಹಾಗೇ ಇದೆಯಲ್ಲ ಎಂದು ಒಂದೆರಡು ಸಲ ಅನಿಸಿ, ತವರಿನ ಆಸೆಗೆ ಹಾಗನಿಸುತ್ತದೆ ಎಂದು ಸುಮ್ಮನಾಗಿದ್ದಳು.

ಹಸಿರು ಸೀರೆಯವಳು ಕಣ್ಣೊರೆಸಿಕೊಂಡು ದುರಗೇಶನ ಕಡೆ ನೋಡಿದಳು. “ನೀನಽ ಹೇಳಪಾ. ಅಣ್ಣ ಆಣಿ ಹಾಕಿಸಿದ್ದ. ಈಗ ಆಣಿ ಹಾಕಸ್ಕೊಂಡಾವರ ಅಷ್ಟಽ ಉಳದೇವಿ.”

ದುರಗೇಶ ಗಂಟಲು ಸರಿಮಾಡಿಕೊಂಡ.

“ನಿಮ್ಮಪ್ಪಾರು ಸೂಟಿಗೊಮ್ಮಿ ಬರ್ತಿದ್ರ್ರಿ ಅಕ್ಕಾರ. ನಮ್ಮ ಅಂಗಡಿ ಒಳಗ, ಚೀಲದ ಮರಿಗೆ ಕುಂದರ್ತಿದ್ರು, ನೀವು ಹಾದ ಹ್ವಾದ್ರ ಕಾಣಬಾರದಂತ. ಹಿಂಡಿ ತಂದು ಈ ಅಕ್ಕನ ಕೈಯಾಗ ಕೊಟ್ಟು, ‘ನಿಮ್ಮ ಮನೀದಂತ ಹೇಳಿ ಕೊಡ್ರಿ’ ಅಂತಿದ್ರು. ನಾವು ಕೇಳಿದ್ವ್ರಿ, ಮಗಳ ಮನಿ ಹತ್ತ ಹೆಜ್ಜಿ ಮ್ಯಾಲ ಐತಿ, ನೀವಽ ಯಾಕ ಕೊಡೂದಿಲ್ಲ ಅಂತ.”

“ಏನಂದಾ?” ಮಾದೇವಿ ಕೇಳಿದಳು.

“‘ಆಕಿಗಿ ಮಾತು ಕಡಿಮಿ. ಓಣ್ಯಾಗ ಒಬ್ಬಾಕಿನ ಆಗತಾಳ. ಕೊಡೂದು ತಗೊಳ್ಳೂದು ಇದ್ರ ಬಾಗಿಲಾ ಆದ್ರೂ ತಗೀತಾಳ’ ಅಂದ್ರು. ತಿರುಗಿ ಬಂದ ಡಬ್ಬ್ಯಾಗ ಮಗಳು ಏನ ಹಾಕ್ಯಾಳಂತ ಕೂಸಿನಂಗ ನೋಡ್ತಿದ್ರ್ರಿ. ಅಲ್ಲೇ ಕುಂತು ತಿಂತಿದ್ರು. ಒಂದ ಚೂರೂ ಯಾರಿಗೂ ಕೊಡ್ತಿರಲಿಲ್ಲ. ಊರಿಗೆಲ್ಲಾ ಚಾ ಕುಡಸೂ ಮನಶ್ಯಾ, ಅದನ್ನಷ್ಟ ಯಾರಿಗೂ ಮುಟ್ಟಸ್ತಿರಲಿಲ್ಲ.”

ಇಸ್ತ್ರಿಯವನು ಹಿಂದಿನಿಂದ ಹೇಳಿದ: “ನಾ ಒಂದ ಚಕ್ಕಲಿಗೆ ಕೈ ಚಾಚಿದ್ರ ಕೈ ಮ್ಯಾಲ ಹೊಡದಿದ್ರ್ರಿ.”

ಭಜನೆಯವರೂ ತಾಳ ನಿಲ್ಲಿಸಿ ಕೇಳುತ್ತಿದ್ದರು. ಇಷ್ಟು ಜನರ ನಡುವೆ ಬನಶಂಕರಿ ಎಂದೂ ಬಾಯಿ ತೆರೆದವಳಲ್ಲ. ಈಗ ಕೇಳದಿದ್ದರೆ ಇನ್ನು ಕೇಳುವಂತಿರಲಿಲ್ಲ.

“ನನ್ನ ಮ್ಯಾಲ ಸಿಟ್ಟ ಇತ್ತೇನ್ರೀ ಅಪ್ಪಗ?”

“ಸಿಟ್ಟ?” ದುರಗೇಶನಿಗೆ ಅದು ತಲೆಗೇ ಹೊಳೆದಿರಲಿಲ್ಲ. “ಸಿಟ್ಟ ಬಂದಾವರ ಬಸ್ ಹತ್ತಿ ಬರ್ತಾರೇನ್ರೀ? ನಾನೂ ಒಮ್ಮಿ ಚಾಷ್ಟಿ ಮಾಡಿದೆ. ಏನ ಕರೆಪ್ಪ ಕಾಕಾ, ಮಗಳು ಬರಬ್ಯಾಡಂದ್ಲು, ನಿನ್ನ ಕಕ್ಕಲಾತಿ ಎಲ್ಲಾ ಎಲ್ಲಿ ಇಟ್ಟಿ ಅಂತ. ಆಗ ಅಂದ್ರು, ‘ಅದು ನನ್ನ ಬಾಯಾಗಿದ್ರ ಆಕಿಗಿ ನಾಚಿಕಿ ಆಗತೈತಿ. ನಿಮ್ಮ ಬಾಯಾಗಿದ್ರ ಆಕಿಗಿ ಬಳಗ ಆಗತೈತಿ. ಅದಕ್ಕ ನಿಮ್ಮ ಹಂತ್ಯಾಕ ಇಟ್ಟ ಹೋಗಾಕತ್ತೇನಿ’ ಅಂತ.”

ಬನಶಂಕರಿ ಅಪ್ಪನ ಮುಂದೆ ಕುಳಿತು, ಅವನ ಮಡಿಚಿದ ಮೊಣಕಾಲಿಗೆ ಹಣೆ ಹಚ್ಚಿ ಅತ್ತಳು. ಬೆಳಗಿನಿಂದ ಸೆರಗಿನೊಳಗೆ ಅತ್ತದ್ದು ಅಳುವೇ ಆಗಿರಲಿಲ್ಲ. ಈಗ ದನಿ ತೆಗೆದು, ಓಣಿಗೆ ಕೇಳುವ ಹಾಗೆ, “ಯಪ್ಪಾ, ಯಪ್ಪಾ” ಎಂದು ಅತ್ತಳು. ಹಸಿರು ಸೀರೆಯವಳು ಅವಳ ಬೆನ್ನ ಮೇಲೆ ಕೈ ಇಟ್ಟು ತಾನೂ ಅತ್ತಳು. ಆ ಕೈಯನ್ನು ಬನಶಂಕರಿ ಸರಿಸಲಿಲ್ಲ.

ಮಾದೇವಿ ಹಸಿರು ಸೀರೆಯವಳ ಕಡೆ ತಿರುಗಿ ಒಂದೇ ಮಾತು ಕೇಳಿದಳು. “ಹಿಂಡ್ಯಾಗ ಉಪ್ಪ ಜಾಸ್ತಿ ಅಂದಾಕಿ ನೀನೇನವಾ?”

“ನಾನಽ ರೀ ಯಕ್ಕಾ,” ಎಂದಳು ಎದುರು ಮನೆಯವಳು ಮೂಗು ಸೀಟುತ್ತ. “ಒಂದ ಚೂರ ಬಾಯಾಗ ಹಾಕ್ಕೊಂಡಿದ್ದೆ. ತಪ್ಪಾತ್ರಿ.”

ಮಾದೇವಿಗೆ ಅಳುವಿನ ನಡುವೆ ನಗು ಬಂತು. ಸಾವಳಗಿಯ ಅತ್ತೆ ಎದ್ದು ಹೋಗಿ, ಬಂದವರಿಗೆ ಕುಡಿಯಲು ಕೊಡ ತುಂಬಿ ನೀರು ತಂದಿಟ್ಟಳು. ಅವಳಿಗೂ ನಾಲಗೆ ಹರಿತವೇ ಹೊರತು ಕರುಳು ಇಲ್ಲವೆಂದಲ್ಲ.

*

ನಾಲ್ಕಕ್ಕೆ ಎತ್ತಿದರು. ಹೂವು ಕಟ್ಟಿದ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಕರೆಪ್ಪನನ್ನು ಕೂಡಿಸಿ ಒಯ್ಯುವುದು ಎಂದಾಗಿತ್ತು. ಟ್ರ್ಯಾಕ್ಟರ್ ಓಡಿಸಿದವನು ಆ ಹಿಪ್ಪರಗಿಯ ಡ್ರೈವರೇ; ಯಾರೂ ಹೇಳಲಿಲ್ಲ, ತಾನೇ ಹೋಗಿ ಸೀಟಿನ ಮೇಲೆ ಕುಳಿತ. ಕರೆಪ್ಪ ಎಡಕ್ಕೂ ಬಲಕ್ಕೂ ಸಣ್ಣಗೆ ವಾಲುತ್ತ, ಕಟ್ಟೆಗಳ ಮೇಲೆ ನಿಂತವರನ್ನೆಲ್ಲ ದಾಟಿ ಹೋದ. ಮೆರವಣಿಗೆ ಓಣಿ ದಾಟುತ್ತಿದ್ದಂತೆ ಹಿಂದೆ ಒಂದು ಮಗ್ಗ ಬಡಿಯಲು ಶುರುವಾಯಿತು, ಆಮೇಲೆ ಇನ್ನೊಂದು.

ಸ್ಟೀಲಿನ ಡಬ್ಬಿಯ ಶಂಕರಪೋಳಿ ಏನು ಮಾಡುವುದೆಂದು ಹೂಳುವ ಕುಣಿಯ ಹತ್ತಿರ ಪ್ರಶ್ನೆ ಬಂತು. ಅಯ್ಯನವರು ಸ್ವಲ್ಪ ಯೋಚಿಸಿ, “ಅವನ ಪಾಲಿಂದು. ಅವನ ಬಗಲಾಗ ಇಡ್ರಿ,” ಎಂದರು. ವಿಭೂತಿ, ಪತ್ರಿಯ ಜೊತೆ ಅದನ್ನೂ ಇಟ್ಟರು. ಎಲ್ಲರೂ ಮಣ್ಣು ಹಾಕಿದರು. ಬನಶಂಕರಿ ಹಾಕಿದ ಮಣ್ಣು ಒಂದೇ ಹಿಡಿ, ಆದರೆ ಬಿಡಲು ಬಹಳ ಹೊತ್ತು ಹಿಡಿಯಿತು.

ಮನೆಗೆ ಮರಳಿ, ಕಾಲು ತೊಳೆದು, ಹೆಣ ಕೂಡಿಸಿದ್ದ ಜಾಗದಲ್ಲಿ ಹಚ್ಚಿದ್ದ ದೀಪ ನೋಡಿ ಮಂದಿ ಒಬ್ಬೊಬ್ಬರೇ ಹೋದರು. ಸಾವಿನ ಮನೆಯಿಂದ ಹೊರಡುವಾಗ ಹೋಗಿ ಬರುತ್ತೇವೆ ಎನ್ನಬಾರದು, ಮನೆಯವರು ಬನ್ನಿ ಎನ್ನಬಾರದು. ಬೆನ್ನು ತಿರುಗಿಸಿ ಸುಮ್ಮನೆ ನಡೆಯಬೇಕು. ಮುಧೋಳದವರೂ ಹಾಗೇ ಎದ್ದು ನಡೆದರು. ಟೆಂಪೋದ ಇಂಜಿನ್ನು ಶುರುವಾದದ್ದು ಕೇಳಿಸಿತು.

ಬನಶಂಕರಿ ಬಾಗಿಲಲ್ಲಿ ನಿಂತಿದ್ದವಳು ಸರಸರನೆ ಅಂಗಳ ದಾಟಿದಳು. ಚಪ್ಪಲಿ ಇರಲಿಲ್ಲ, ಸೆರಗು ಜಾರಿತ್ತು. ಟೆಂಪೋದ ಹಿಂದಿನ ಹಲಗೆಯನ್ನು ಎರಡೂ ಕೈಯಿಂದ ಹಿಡಿದಳು. ಮೇಲೆ ಒತ್ತೊತ್ತಾಗಿ ಕುಳಿತವರು ಅವಳನ್ನು ನೋಡಿದರು.

“ನಿಮ್ಮ ಹೆಸರು...” ಎಂದಳು ಹಸಿರು ಸೀರೆಯವಳಿಗೆ. “ಇಷ್ಟ ದಿನಾ ಆತು, ನಿಮ್ಮ ಹೆಸರ ಕೇಳೇ ಇಲ್ಲ ನಾ.”

“ನೀಲವ್ವ ಅಂತಾರವಾ.”

“ನೀಲವ್ವ,” ಎಂದಳು ಬನಶಂಕರಿ. ಮಾತು ಅಲ್ಲಿಗೆ ಮುಗಿಯಿತೆಂದು ಟೆಂಪೋದ ಡ್ರೈವರ್ ಗೇರಿಗೆ ಕೈ ಹಾಕಿದ. ಅವಳು ಹಲಗೆ ಬಿಡಲಿಲ್ಲ. “ನಿಮ್ಮ ಮಗಳಿಗೆ ದಿನಾ ತುಂಬ್ಯಾವಲ್ರೀ ನೀಲವ್ವಾರ? ಬಾಣಂತನಾ ನಿಮ್ಮ ಮನ್ಯಾಗ ಮಾಡಿಸ್ತೀರೊ, ಗಂಡನ ಮನ್ಯಾಗೊ?” ನೀಲವ್ವ ಉತ್ತರ ಕೊಡುವಷ್ಟರಲ್ಲಿ ಹಾಲಿನವಳ ಕಡೆ ತಿರುಗಿದಳು. “ನಿಮ್ಮದು? ನಿಮ್ಮ ಹೆಸರೇನ್ರೀ? ನಿಮ್ಮ ಎಮ್ಮಿ ಈದೈತೇನ್ರೀ?” ಇಸ್ತ್ರಿಯವನ ಹೆಸರು, ಅವನ ಊರು, ದುರಗೇಶನ ತಾಯಿಯ ಕಣ್ಣಿನ ಆಪರೇಷನ್ನು. ದನಿ ಒಡೆದಿತ್ತು, ನಡುವೆ ಅಳು ಬರುತ್ತಿತ್ತು, ಸೆರಗಿನಿಂದ ಒರೆಸಿಕೊಂಡು ಮುಂದಿನವರನ್ನು ಕೇಳುತ್ತಿದ್ದಳು.

ಡ್ರೈವರ್ ಕನ್ನಡಿಯಲ್ಲಿ ನೋಡುತ್ತ ಸ್ವಲ್ಪ ಹೊತ್ತು ಕಾದ. ಆಮೇಲೆ ಕೀಲಿ ತಿರುವಿ ಇಂಜಿನ್ನು ಬಂದ್ ಮಾಡಿ, ಚಪ್ಪಲಿ ಕಳಚಿ, ಸೀಟಿನ ಮೇಲೆ ಕಾಲು ಮಡಚಿ ಕುಳಿತ.